ತೊಗರಿ ಹೊಲವನ್ನು ಇಂಧನ ಬೆಳೆಗೆ ಬಿಡುವ ಮುನ್ನ ಮಾಡಬೇಕಾದ ಲೆಕ್ಕ

ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ಕ್ಕೆ ಇಟ್ಟುಕೊಂಡಿತ್ತು. 2022ರ ತಿದ್ದುಪಡಿ ಆ ಗಡುವನ್ನು ಮೊಟಕುಗೊಳಿಸಿ 2025–26ಕ್ಕೇ ತಂದಿತು. ಇದರಿಂದ ಎಥನಾಲ್ ತೆಗೆಯಲು ಬಳಸುವ ಕಬ್ಬಿಗೂ ಮೆಕ್ಕೆಜೋಳಕ್ಕೂ ಹೊಸ ಬೇಡಿಕೆ ಬಂದಿದೆ. ಕಲಬುರಗಿ, ಬೀದರ್ ಭಾಗದ ರೈತರು ಎರೆಹೊಲವನ್ನು ಈ ಬೆಳೆಗಳಿಗೆ ಬಿಡುವ ಮುನ್ನ ದರದ ಲೆಕ್ಕವನ್ನಷ್ಟೇ ನೋಡಿದರೆ ಸಾಲದು.

ಮೊದಲನೆಯದು ತೊಗರಿ ಹೊಲ ಈಗ ಕೊಡುತ್ತಿರುವುದರ ಲೆಕ್ಕ. ಡಿಸೆಂಬರಿನಲ್ಲಿ, ಕೊಯ್ಲಿಗೆ ಮುಂಚೆ, ತೊಗರಿ ಸಾಲಿನ ನಡುವೆ ಕುಳಿತು ನೆಲವನ್ನು ನೋಡಬೇಕು. ಉದುರಿದ ಹಳದಿ ಎಲೆ ಪದರವಾಗಿ ಬಿದ್ದಿರುತ್ತದೆ; ಅದು ಮಣ್ಣಿಗೇ ಸೇರುತ್ತದೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ಆಳಕ್ಕಿಳಿದ ತಾಯಿಬೇರು ಗಟ್ಟಿ ಎರೆಯನ್ನು ಸಡಿಲಿಸುತ್ತದೆ. ಕಟ್ಟಿಗೆ ಒಲೆಗೆ, ಹೊಟ್ಟು ದನಕ್ಕೆ, ಪಕ್ಕದ ಜೋಳದ ಕಣಕಿ (ಒಣ ದಂಟಿನ ಮೇವು) ಬಣವೆಗೆ. ಇವುಗಳನ್ನು ಒಂದೊಂದಾಗಿ ಬರೆದು, ಮುಂದಿನ ವರ್ಷ ಪೇಟೆಯಿಂದ ಕೊಳ್ಳಬೇಕಾಗಿ ಬಂದರೆ ತಗಲುವ ಬೆಲೆಯನ್ನು ಎದುರಿಗೆ ನಮೂದಿಸಿ. ಒಂದು ಬಂಡಿ ಕಣಕಿಯ ಬೆಲೆಯನ್ನು ಬರೆಯುವಾಗಲೇ ಅನೇಕರ ಕೈ ತಡೆಯುತ್ತದೆ.

ಎರಡನೆಯದು ನೀರು, ಹೆಚ್ಚು ಹೊತ್ತು ಕೊಡಬೇಕಾದುದು ಇದಕ್ಕೇ. ಕಬ್ಬಿಗೆ ಬೆಳೆಯುವ ಅವಧಿಯಲ್ಲಿ 1,500ರಿಂದ 2,500 ಮಿ.ಮೀ. ನೀರು ಬೇಕು, ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಅದರ ಅರ್ಧದ ಆಸುಪಾಸು. ಒಂದು ಎಕರೆಯಲ್ಲಿ ಒಂದು ಮಿ.ಮೀ. ಎಂದರೆ ಸುಮಾರು 4,000 ಲೀಟರ್. ಕೊರತೆಯನ್ನು 1,000 ಮಿ.ಮೀ. ಎಂದು ಹಿಡಿದರೂ ಎಕರೆಗೆ 40 ಲಕ್ಷ ಲೀಟರ್ ನೀರನ್ನು ಕಾಲುವೆಯಿಂದಲೋ ಕೊಳವೆಬಾವಿಯಿಂದಲೋ ತರಬೇಕು. ಇಷ್ಟು ನೀರುಂಡು ಬೆಳೆದ ಕಬ್ಬನ್ನು ಅರೆದರೆ, ಟನ್ನಿಗೆ ರಸದಿಂದ ದೊರೆಯುವ ಎಥನಾಲ್ ಸುಮಾರು 70 ಲೀಟರ್. ಹಗ್ಗಕ್ಕೆ ಕಲ್ಲು ಕಟ್ಟಿ, ದೀಪಾವಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ ಊರಿನ ತೆರೆದ ಬಾವಿಯ ನೀರಿನ ಮಟ್ಟವನ್ನು ಅಳೆದು, ಗಂಟು ಹಾಕಿ ಗುರುತಿಡಿ. ಎರಡು ಗಂಟುಗಳ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿರುವ ಊರಿನಲ್ಲಿ ಕಬ್ಬಿನ ವಿಸ್ತಾರ ಪಕ್ಕದ ಮನೆಯ ಕುಡಿಯುವ ನೀರನ್ನೇ ತಿನ್ನುತ್ತದೆ.

ಮೆಕ್ಕೆಜೋಳಕ್ಕೆ ನೀರು ಕಡಿಮೆ ಸಾಕು, ಆದರೆ ಅದು ಸಾರಜನಕವನ್ನು ಕೂಡಿಸುವುದಿಲ್ಲ, ತಿನ್ನುತ್ತದೆ. ಗೊಬ್ಬರದ ಖರ್ಚನ್ನು ಸೇರಿಸಿಕೊಳ್ಳಿ.

ಮೂರನೆಯದಾಗಿ, ಜಾಗ ಬಿಟ್ಟ ಬೆಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಹೊಲದಲ್ಲಿ ಮೇವು ಕಡಿಮೆಯಾದಂತೆ ದನ ಗಾಯರಾಣಕ್ಕೆ, ಅಂದರೆ ಊರಿನ ಗೋಮಾಳಕ್ಕೆ, ಹೋಗುತ್ತದೆ, ಇಲ್ಲವೇ ಗಾಯರಾಣವನ್ನೇ ಯಾರೋ ಉಳುತ್ತಾರೆ. ಬೀದರ್ ಸುತ್ತಿನ ಹುಲ್ಲುಗಾವಲನ್ನು ಬೀಳುಭೂಮಿ ಎಂದು ಕಾಗದದಲ್ಲಿ ಬರೆದರೂ ಅದು ಕೃಷ್ಣಮೃಗದ ನೆಲೆ. ದೇಶದ ತೊಗರಿ ಸಾಲದಾದಾಗ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ತರಿಸುತ್ತೇವೆ. ಆಗ ಬೇಳೆಯ ಭಾರ ಅಲ್ಲಿನ ನೆಲದ ಮೇಲೆ ಬೀಳುತ್ತದೆ. 2019ರಲ್ಲಿ ಭೌಗೋಳಿಕ ಸೂಚಿ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು) ಪಡೆದ ಕಲಬುರಗಿ ತೊಗರಿಯನ್ನು ಬಿಡುವಾಗ ಇದನ್ನು ನೆನೆಯದಿರಲು ನನಗಂತೂ ಆಗದು.

ಇಷ್ಟಾದ ಮೇಲೂ ಇಂಧನ ಬೆಳೆ ಬೇಕೆನಿಸಿದರೆ ಹೊಲಕ್ಕೆ ಕೈಹಾಕದೆ ಹಳ್ಳದ ದಂಡೆಯಲ್ಲಿ, ದಾರಿಯ ಬದಿಯಲ್ಲಿ ಹೊಂಗೆ ನೆಡಿ. ಬೀಜದಲ್ಲಿ ಸುಮಾರು ಮೂರನೇ ಒಂದು ಪಾಲು ಇಂಧನವಾಗಬಲ್ಲ ಎಣ್ಣೆ, ಎಲೆ ಹಸಿರು ಗೊಬ್ಬರ, ಹೂವು ಜೇನಿಗೆ; ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕಾಯಿ ಬಿಡಲು ಕೆಲವು ವರ್ಷ ಬೇಕಾದುದರಿಂದ ಸಸಿಯನ್ನು ಈ ಮುಂಗಾರಿನಲ್ಲೇ ಇಡುವುದು ಒಳ್ಳೆಯದು. ಕಬ್ಬನ್ನೇ ಹಾಕುವವರು ಹನಿ ನೀರಾವರಿಯೊಂದಿಗೆ ಒಂದೇ ಎಕರೆಯಿಂದ ಆರಂಭಿಸಿ, ಉಳಿದದ್ದನ್ನು ತೊಗರಿಗೇ ಇಟ್ಟು, ಬಾವಿಯ ಹಗ್ಗದ ಗಂಟುಗಳನ್ನು ಮೂರು ವರ್ಷ ನೋಡಿದ ಮೇಲೆ ಎರಡನೆಯ ಎಕರೆಯ ಮಾತು ಎತ್ತಲಿ.