ಕಾರ್ಟಿಂಗ್ ಹುಡುಗನ ಪ್ರತಿಭೆಯನ್ನು ನಾನು ಅಳೆದ ಬಗೆ

ಮಕ್ಕಳನ್ನು ಕಾರ್ಟಿಂಗ್‌ಗೆ, ಅಂದರೆ ಕಾರ್ಟ್ ಎಂಬ ಪುಟ್ಟ ತೆರೆದ ರೇಸ್ ವಾಹನಗಳ ಓಟಕ್ಕೆ, ಇಳಿಸಿದ ಉಡುಪಿ, ಮಂಗಳೂರಿನ ಪೋಷಕರು ನನ್ನ ಬಳಿ ಬಂದಾಗ ಮೊದಲು ತೋರಿಸುವುದು ಮಗನ ಅತಿ ವೇಗದ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಸಮಯವನ್ನು. ನಾನು ಅದನ್ನು ಕೊನೆಗೆ ನೋಡುತ್ತೇನೆ. ಹೊಸ ಟೈರ್, ಚೆನ್ನಾಗಿ ಹೊಂದಿಸಿದ ಚಾಸಿ (ಕಾರ್ಟಿನ ಚೌಕಟ್ಟು), ಮುಂದಿನ ಕಾರ್ಟಿನ ಬೆನ್ನಿಗೆ ಸಿಕ್ಕ ಗಾಳಿಯ ಮರೆ, ಇಷ್ಟೇ ಒಂದು ಲ್ಯಾಪಿನ ಚಿತ್ರವನ್ನು ಬದಲಿಸಿಬಿಡುತ್ತವೆ. ಕಂಬಳದ ಕರೆಯ (ಕೆಸರಿನ ಓಟದ ಹಾದಿಯ) ಬದಿಯಲ್ಲಿ ನಿಂತ ಬಲ್ಲವರು ಕೋಣಗಳ ಓಟವನ್ನೂ ಓಡಿಸುವವನ ಸಾಮರ್ಥ್ಯವನ್ನೂ ಬೇರೆ ಬೇರೆಯಾಗಿ ತೂಗುವಂತೆ ಇಲ್ಲಿಯೂ ಯಂತ್ರವನ್ನು ಚಾಲಕನಿಂದ ಬಿಡಿಸಿ ನೋಡಬೇಕು.

ಉಡುಪಿ ಜಿಲ್ಲೆಯ ಹದಿಮೂರರ ಹುಡುಗನೊಬ್ಬನ ವಿಷಯದಲ್ಲಿ ಇನ್ನೊಂದು ತೊಡಕೂ ಇತ್ತು. ಅಭ್ಯಾಸಕ್ಕಾಗಿ ಅವನು ಘಟ್ಟ ಹತ್ತಿ ಬೆಂಗಳೂರಿಗೋ, ಕೇರಳ ದಾಟಿ ಕೊಯಮತ್ತೂರಿಗೋ ಹೋಗಬೇಕಾಗಿತ್ತು. ಟ್ರ್ಯಾಕಿನ ಪಕ್ಕದಲ್ಲೇ ಬೆಳೆಯುವ ಬೆಂಗಳೂರಿನ ಮಕ್ಕಳ ಸಮಯದೊಂದಿಗೆ ಅವನ ಸಮಯವನ್ನು ನೇರವಾಗಿ ಹೋಲಿಸಿದರೆ ಅದು ನ್ಯಾಯವಾಗುತ್ತಿರಲಿಲ್ಲ. ಆದ್ದರಿಂದ ಅವನು ಎಷ್ಟು ವೇಗವಾಗಿ ಓಡಿಸುತ್ತಾನೆ ಎನ್ನುವುದಕ್ಕಿಂತ ಎಷ್ಟು ಬೇಗ ಕಲಿಯುತ್ತಾನೆ ಎಂಬುದನ್ನೇ ಅಳೆಯಲು ನಿರ್ಧರಿಸಿದೆ.

ಮೊದಲಿಗೆ, ಅದೇ ವರ್ಗದ ಇನ್ನೊಬ್ಬ ಅನುಭವಿ ಹುಡುಗನೊಂದಿಗೆ ಕಾರ್ಟುಗಳನ್ನು ಅದಲುಬದಲು ಮಾಡಿಸಿದೆ. ಈ ಕಾರ್ಟುಗಳ ರೋಟ್ಯಾಕ್ಸ್ ಕಂಪನಿಯ ಎಂಜಿನ್‌ಗಳಿಗೆ ಯಾರೂ ಬಿಚ್ಚಿ ಬದಲಿಸದಂತೆ ಸೀಲ್ ಇರುತ್ತದೆಯಾದರೂ ಚಾಸಿ, ಟೈರ್ ಮತ್ತು ಗೇರಿಂಗ್‌ನ ವ್ಯತ್ಯಾಸ ಉಳಿದೇ ಇರುತ್ತದೆ. ಬದಲಾದ ಕಾರ್ಟಿನಲ್ಲಿ ಎಷ್ಟನೆಯ ಲ್ಯಾಪಿನ ಹೊತ್ತಿಗೆ ಅವನ ಸಮಯ ಸ್ಥಿರವಾಗುತ್ತದೆ, ಟೈರ್ ಸವೆದ ಮೇಲೂ ಆ ಸ್ಥಿರತೆ ಉಳಿಯುತ್ತದೆಯೇ ಎಂಬುದನ್ನು ಇಡೀ ಸೆಷನ್ನಿನ ಪಟ್ಟಿಯಿಂದ ಗುರುತಿಸಿಕೊಂಡೆ.

ಆಮೇಲೆ ಡೇಟಾ, ಅಂದರೆ ಓಡುವಾಗ ಕಾರ್ಟಿನಲ್ಲಿ ದಾಖಲಾದ ಅಂಕಿಅಂಶ. ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರ್ಟಿಗೆ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಳಬದಿಯ ಹಿಂಚಕ್ರ ಕ್ಷಣಕಾಲ ಹಗುರಾಗಿ ಮೇಲೇಳದಿದ್ದರೆ ಕಾರ್ಟ್ ತಿರುಗಲು ಒಲ್ಲೆನ್ನುತ್ತದೆ. ಕಲಿಯುವ ಮಕ್ಕಳು ಸ್ಟೀರಿಂಗನ್ನು ಬೇಕಾದುದಕ್ಕಿಂತ ಹೆಚ್ಚು ತಿರುಗಿಸಿ, ಮುಂದಿನ ಟೈರನ್ನು ಉಜ್ಜಿಸಿ ವೇಗವನ್ನು ಕಳೆಯುತ್ತಾರೆ. ತಿರುವಿನ ನಡುವಿನ ಕನಿಷ್ಠ ವೇಗ ಮತ್ತು ಹೊರಬರುವಾಗಿನ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ), ಇವೆರಡರ ಗ್ರಾಫಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಈ ಹುಡುಗನಲ್ಲಿಯೂ ಆ ದೋಷವಿತ್ತು, ಆದರೆ ಅದು ದಿನದ ಕೊನೆಯ ಸೆಷನ್ನಿನ ಹೊತ್ತಿಗೆ ಗಮನಾರ್ಹವಾಗಿ ಕಡಿಮೆಯಾಗಿತ್ತು.

ನಾನು ಅತ್ಯಂತ ಮಹತ್ವ ಕೊಡುವ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಪ್ರತಿ ಸೆಷನ್ ಮುಗಿದ ಕೂಡಲೇ, ಗ್ರಾಫ್ ತೋರಿಸುವ ಮೊದಲು, ಯಾವ ತಿರುವಿನಲ್ಲಿ ಏನಾಯಿತು ಎಂದು ಅವನಿಂದಲೇ ಹೇಳಿಸಿ ಬರೆದುಕೊಂಡೆ. ಬ್ರೇಕನ್ನು ತಡವಾಗಿ ಹಿಡಿದುದರಿಂದ ಹಿಂಬದಿ ಜಾರಿತು, ಅದನ್ನು ಸರಿಪಡಿಸುವಷ್ಟರಲ್ಲಿ ಥ್ರಾಟಲ್ ತಡವಾಯಿತು ಎಂದು ಅವನು ಹೇಳಿದ್ದು ರೇಖೆಗಳಲ್ಲಿ ಹಾಗೆಯೇ ಕಾಣಿಸಿತು. ತನ್ನ ಓಟವನ್ನು ಹೀಗೆ ನೆನಪಿನಲ್ಲಿ ಬಿಡಿಸಿ ಹೇಳಬಲ್ಲವನಿಗೆ ಮುಂದೆ ಎಂಜಿನಿಯರ್ ಜೊತೆ ಕೆಲಸ ಮಾಡುವುದು ಬರುತ್ತದೆ. ಕಾರ್ಟಿನ ಮೇಲೆಯೇ ತಪ್ಪು ಹೊರಿಸುವ ವೇಗದ ಮಕ್ಕಳ ಬಗ್ಗೆ ನನಗೆ ಈ ಭರವಸೆ ಇರುವುದಿಲ್ಲ.

ಮಳೆ ಬಂದುದು ನಮ್ಮ ಅದೃಷ್ಟ. ಒಣ ಟ್ರ್ಯಾಕಿನ ಓಟದ ಗೆರೆಯಲ್ಲಿ ಅಂಟಿಕೊಂಡ ರಬ್ಬರು ಒದ್ದೆಯಾದಾಗ ಜಾರುತ್ತದೆ. ಹಿಡಿತವನ್ನು ಆ ಗೆರೆಯ ಹೊರಗೆ ಹುಡುಕಬೇಕು. ಯಾರೂ ಹೇಳದೆಯೇ ಅವನು ಹೊರಬದಿಯ ದಾರಿ ಹಿಡಿದುದನ್ನು ಕಂಡಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ಭವಿಷ್ಯದ ಲೆಕ್ಕವನ್ನು ಬೇರೆಯೇ ಹಾಳೆಯಲ್ಲಿ ಬರೆದೆ, ಏಕೆಂದರೆ ಅದು ಪ್ರತಿಭೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಈವರೆಗೆ ಫಾರ್ಮುಲಾ 1 ರೇಸಿನಲ್ಲಿ ಓಡಿದ ಭಾರತೀಯರು 2005ರಲ್ಲಿ ಪ್ರವೇಶಿಸಿದ ನಾರಾಯಣ್ ಕಾರ್ತಿಕೇಯನ್ ಮತ್ತು 2010ರಲ್ಲಿ ಪ್ರವೇಶಿಸಿದ ಕರುಣ್ ಚಂದೋಕ್ ಇಬ್ಬರೇ. ಅಲ್ಲಿಗೆ ಬೇಕಾದ ಸೂಪರ್ ಲೈಸೆನ್ಸಿಗೆ ಸಾಮಾನ್ಯವಾಗಿ ಕೆಳಗಿನ ಹಂತದ ರೇಸ್ ಸರಣಿಗಳಲ್ಲಿ ಮೂರು ವರ್ಷಗಳಲ್ಲಿ ಗಳಿಸಿದ 40 ಅಂಕಗಳು ಬೇಕು. ಅದರ ಕೆಳಗಿನ ಹಂತವಾದ ಫಾರ್ಮುಲಾ 2ರಲ್ಲಿ ರೇಸ್ ಗೆದ್ದ ಜೆಹಾನ್ ದಾರುವಾಲಾಗೂ ಫಾರ್ಮುಲಾ 1ರಲ್ಲಿ ಸ್ಥಾನ ಸಿಗದೆ ಅವರು ವಿದ್ಯುತ್ ಕಾರುಗಳ ಸರಣಿಯಾದ ಫಾರ್ಮುಲಾ ಇ ಕಡೆಗೆ ಹೋದರು. ಬೆಂಗಳೂರಿನ ಅರ್ಜುನ್ ಮೈನಿ ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನು ಆಧರಿಸಿದ ಜಿಟಿ ರೇಸ್ ಕಾರುಗಳತ್ತ ತಿರುಗಿ ಜರ್ಮನಿಯ ಡಿಟಿಎಂ ರೇಸ್ ಸರಣಿಯಲ್ಲಿ ವೃತ್ತಿ ಕಟ್ಟಿಕೊಂಡರು, ಮತ್ತು ನಮ್ಮ ಮಕ್ಕಳ ಮುಂದೆ ಇಡಲು ನನಗೆ ಇದು ಹೆಚ್ಚು ಉಪಯುಕ್ತವಾದ ಮಾದರಿಯೆನಿಸುತ್ತದೆ. ಯುರೋಪಿನ ಮೇಲಿನ ಹಂತಗಳಲ್ಲಿ ಒಂದು ಹಂಗಾಮಿಗೆ ಹಲವು ಕೋಟಿ ರೂಪಾಯಿ ಬೇಕಾಗುವುದರಿಂದ ಪ್ರಾಯೋಜಕರಿಲ್ಲದೆ ಮನೆ, ಜಮೀನು ಅಡವಿಟ್ಟು ಆ ದಾರಿ ಹಿಡಿಯಬಾರದೆಂದು ಅವನ ತಂದೆಗೆ ನೇರವಾಗಿ ಹೇಳಿದೆ.

ಕೊನೆಗೆ ನಾನು ಕೊಟ್ಟ ವರದಿಯಲ್ಲಿ ಇದ್ದುದು ಇಷ್ಟು: ಕಲಿಯುವ ವೇಗ ಅಪರೂಪದ್ದು, ಆದರೆ ಗುಂಪಿನ ನಡುವೆ ಹಿಂದಿಕ್ಕುವ ಅಭ್ಯಾಸ ಸಾಲದು, ಆದ್ದರಿಂದ ಎರಡು ಹಂಗಾಮು ಕಾರ್ಟಿಂಗ್‌ನಲ್ಲೇ ಇದ್ದು ಆದಷ್ಟು ರೇಸುಗಳನ್ನು ಓಡಬೇಕು. ಹದಿನೈದು ತುಂಬಿದ ಮೇಲೆ ಕಾರ್ಟಿಂಗ್ ಮುಗಿಸಿದವರ ಮೊದಲ ಹಂತವಾದ ಫಾರ್ಮುಲಾ 4 ಕಾರಿನಲ್ಲಿ ಒಂದು ಟೆಸ್ಟ್ ಕೊಡಿಸಿ, ಅಲ್ಲಿಯೂ ಇದೇ ಬಗೆಯಲ್ಲಿ ಅಳೆದು, ಪ್ರಾಯೋಜಕತ್ವದ ಮೊದಲ ಕಂತು ಕೈಗೆ ಬಂದ ಮೇಲೆಯೇ ಪೂರ್ಣ ಹಂಗಾಮಿಗೆ ಸಹಿ ಹಾಕಬೇಕು. ಶಾಲೆ ಬಿಡುವ ಮಾತನ್ನು ಈಗ ಎತ್ತಲೇಬಾರದು.