ಕರೆಯಲು ಹೋಗಿ ಕಲಿತದ್ದು

ತಂಗಿಯ ನಿಶ್ಚಿತಾರ್ಥಕ್ಕೆ ನಾನು ನೆಂಟರೆಲ್ಲರಿಗೂ ವಾಟ್ಸ್ಆಪ್‌ನಲ್ಲಿಯೇ ಪತ್ರಿಕೆ ಕಳುಹಿಸಿದ್ದೆ. ಅರೇಹಳ್ಳಿ ಕಡೆಯ ಸೋದರತ್ತೆ ಬರಲಿಲ್ಲ. ಫೋನ್ ಮಾಡಿ ವಿಚಾರಿಸಿದಾಗ, "ಯಾರೂ ಬಂದು ಕರೆಯಲಿಲ್ಲವಲ್ಲಪ್ಪ" ಎಂದಷ್ಟೇ ಹೇಳಿದರು. ಆ ಮಾತು ಬಹಳ ದಿನ ಕಾಡಿದ್ದರಿಂದ, ಮದುವೆಗೆ ಕರೆಯುವ ಕೆಲಸವನ್ನು ನಾನೇ ವಹಿಸಿಕೊಂಡು, ಎಪ್ಪತ್ತು ದಾಟಿದ ದೊಡ್ಡಪ್ಪನವರ ಜೊತೆ ಹೊರಟೆ.

ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಮೊದಲ ಪತ್ರಿಕೆಯನ್ನು ಬೇಲೂರಿನ ಚೆನ್ನಕೇಶವನ ಸನ್ನಿಧಿಯಲ್ಲಿಟ್ಟೆವು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರನ್ನೇ ಇಂದಿಗೂ ಎದುರಿಗೆ ನಿಂತು ಕರೆಯುತ್ತೇವೆ, ಇನ್ನು ಮನುಷ್ಯರ ಮನೆಗೆ ಹೋಗದಿದ್ದರೆ ಹೇಗೆ ಎಂದರು ದೊಡ್ಡಪ್ಪ.

ಸಂಕ್ರಾಂತಿ ಕಳೆದು ರೊಬಸ್ಟಾ ಕಾಫಿಯ ಕುಯ್ಲು ನಡೆಯುತ್ತಿದ್ದ ಕಾಲವದು. ಹಗಲೆಲ್ಲ ಜನ ತೋಟದಲ್ಲಿರುತ್ತಾರೆಂದು ಸಂಜೆಯೇ ಹೋಗುತ್ತಿದ್ದೆವು. ಒಂದು ಮನೆಯ ಅಂಗಳದಲ್ಲಿ ಹಣ್ಣು ತೂಗುತ್ತಿದ್ದರು. ನಮ್ಮನ್ನು ಕಂಡು ಯಜಮಾನರು ಲೆಕ್ಕದ ಪುಸ್ತಕ ಮುಚ್ಚಿ ಏಳಹೋದರೆ, ದೊಡ್ಡಪ್ಪ ಕೈಸನ್ನೆಯಲ್ಲೇ ಅವರನ್ನು ತಡೆದು ದೂರದ ಕಟ್ಟೆಯ ಮೇಲೆ ಕುಳಿತರು. ಕುಯ್ದ ಕಿಲೋ ಲೆಕ್ಕದ ಮೇಲೆ ಕೂಲಿ ಸಿಗುವ ಹೆಂಗಸರು ಮನೆಗೆ ಹೋಗಿ ಒಲೆ ಹಚ್ಚಬೇಕು, ನಮ್ಮ ಉಪಚಾರಕ್ಕಾಗಿ ಅವರು ನಿಲ್ಲುವಂತಾಗಬಾರದು ಎಂಬುದು ಅವರ ನಿಲುವಾಗಿತ್ತು. ಮುಕ್ಕಾಲು ಗಂಟೆ ಕಾದೆವು. ಆಮೇಲೆ ನಾನು ಕಣದಲ್ಲಿ ಹರಡಿದ್ದ ಕಾಫಿಯನ್ನು ದಾಟಿ ನೇರವಾಗಿ ನಡೆಯಹೋದಾಗಲೂ ಅವರು ಗದರಲಿಲ್ಲ. ತಾವು ಅಂಚಿನುದ್ದಕ್ಕೂ ಸುತ್ತಿ ನಡೆದರು, ನಾನು ಹಿಂದಿರುಗಿ ಅವರ ಹೆಜ್ಜೆ ಹಿಡಿದೆ. ಹಿರಿಯರಿಂದ ನಾನು ಕಲಿತದ್ದರಲ್ಲಿ ಹೆಚ್ಚಿನದು ಹೀಗೆ, ಹೇಳಿಸಿಕೊಳ್ಳದೆ ಕಲಿತದ್ದು.

ಪತ್ರಿಕೆಯನ್ನು ಬಾಗಿಲಲ್ಲಿ ನಿಂತು ಕೊಡುವಂತಿರಲಿಲ್ಲ. ಕೊಟ್ಟ ನೀರು, ಬೆಲ್ಲ ತೆಗೆದುಕೊಂಡು, ಮನೆಯ ಹಿರಿಯರ ಆರೋಗ್ಯ, ಮಕ್ಕಳ ಓದು ವಿಚಾರಿಸಿದ ಮೇಲೆಯೇ ಚೀಲಕ್ಕೆ ಕೈ ಹಾಕಬೇಕು. ಎರಡೂ ಕೈಯಲ್ಲಿ ಹಿಡಿದು ಕೊಡುವಾಗ, ದಿನ, ಸ್ಥಳ, ಮುಹೂರ್ತವನ್ನು ಅದರಲ್ಲಿ ಅಚ್ಚಾಗಿದ್ದರೂ ಬಾಯಲ್ಲಿ ಹೇಳಬೇಕು; ಏಕೆಂದರೆ ಓದಲಾಗದ ಅಜ್ಜಿಗೂ ಆ ಕರೆ ಸೇರಬೇಕು. ಆರು ತಿಂಗಳ ಹಿಂದೆ ಸಾವಾಗಿದ್ದ ಮನೆಯೊಂದರಲ್ಲಿ ದೊಡ್ಡಪ್ಪ ಅಗಲಿದವರ ಮಾತನ್ನೇ ಆಡಿ, ಪತ್ರಿಕೆ ಹೊರಗೆ ತೆಗೆಯದೆ ಎದ್ದರು. ಇನ್ನೊಂದು ದಿನ ಅದಕ್ಕಾಗಿಯೇ ಹೋಗಿಬಂದೆವು.

ಅತ್ತೆಯ ಮನೆಗೆ ನಾನು ಮುಂದಾಗಿ ಹೋದೆ. ಕಾಲಿಗೆ ನಮಸ್ಕರಿಸಿ, "ಅವತ್ತು ನನ್ನಿಂದ ತಪ್ಪಾಯಿತು ಅತ್ತೆ, ನೀವು ಬಂದು ನಿಂತು ನಡೆಸಿಕೊಡಬೇಕು" ಎಂದೆ. ಅವರು ಏನನ್ನೂ ಹೇಳದೆ ಒಳಗೆ ಹೋಗಿ ಅಕ್ಕಿರೊಟ್ಟಿಗೆ ಹಿಟ್ಟು ನಾದಲು ಕುಳಿತರು. ಉಂಡು ಎದ್ದಾಗ ರಾತ್ರಿ ಒಂಬತ್ತಾಗಿತ್ತು.

ದಿನಕ್ಕೆ ಐದಾರು ಮನೆಗಿಂತ ಹೆಚ್ಚು ಮುಗಿಯುತ್ತಿರಲಿಲ್ಲ. ಬೀಗ ಹಾಕಿದ್ದ ಒಂದು ಮನೆಯ ಬಾಗಿಲಡಿ ಪತ್ರಿಕೆ ಸರಿಸಲು ನಾನು ಬಗ್ಗಿದಾಗ, ದೊಡ್ಡಪ್ಪ ಅದನ್ನು ಕೈಗೆ ತೆಗೆದುಕೊಂಡು ಚೀಲಕ್ಕೆ ಹಾಕಿ, ಪಕ್ಕದ ಮನೆಯಲ್ಲಿ ನಾಳೆ ಬರುವುದಾಗಿ ತಿಳಿಸಿದರು. ಮರುದಿನ ಸಂಜೆ ಅದೇ ದಾರಿಯಲ್ಲಿ ಮತ್ತೆ ಹೋದೆವು.