ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೊಸ ಕಂಪ್ಯೂಟರಿನಲ್ಲಿ ಜಾಗ

ಕಾರ್ಬನ್ ಪ್ರತಿ ಬೇಕಾದ ಕಡೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಆಗಬೇಕು. ಸೂಜಿ ಬಡಿದರೆ ತಾನೇ ಕೆಳಗಿನ ಹಾಳೆಗೆ ಅಕ್ಷರ ಇಳಿಯುವುದು! ಎಪ್ಸನ್ ಎಲ್‌ಎಕ್ಸ್-300ರಂಥ 9 ಸೂಜಿಯ ಯಂತ್ರ ಇನ್ನೂ ಗಟ್ಟಿಮುಟ್ಟಾಗಿದ್ದರೂ ಹೊಸ ಕಂಪ್ಯೂಟರಿನ ಬೆನ್ನಲ್ಲಿ 25 ಪಿನ್ನಿನ ಪ್ಯಾರಲಲ್ ಪೋರ್ಟ್ (ಹಳೆಯ ಪ್ರಿಂಟರಿನ ಕೇಬಲ್ ಸಿಕ್ಕಿಸುವ ಜಾಗ) ಸಾಮಾನ್ಯವಾಗಿ ಸಿಗುವುದಿಲ್ಲ. ಆ ಕೊರತೆಯನ್ನು ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರಿಸುವ ಒಂದು ಪುಟ್ಟ ಪ್ಯಾರಲಲ್ ಪೋರ್ಟ್ ಕಾರ್ಡ್ ತುಂಬುತ್ತದೆ.

ಯುಎಸ್‌ಬಿ–ಪ್ಯಾರಲಲ್ ಕೇಬಲ್ ಅಗ್ಗ, ನಿಜ. ಆದರೆ ಅದು ಎಲ್‌ಪಿಟಿ ಪೋರ್ಟನ್ನು (ವಿಂಡೋಸ್ ಪ್ಯಾರಲಲ್ ಪೋರ್ಟಿಗೆ ಕೊಡುವ ಹೆಸರು) ಹುಟ್ಟಿಸುವುದಿಲ್ಲ. ವಿಂಡೋಸ್‌ನಲ್ಲಿ ಯುಎಸ್‌ಬಿ001 ಎಂದು ಕಾಣಿಸಿಕೊಳ್ಳುತ್ತದೆ. ಎಲ್‌ಪಿಟಿ1ಕ್ಕೇ ನೇರವಾಗಿ ಕಳಿಸುವ ಹಳೆಯ ಬಿಲ್ಲಿಂಗ್ ತಂತ್ರಾಂಶಕ್ಕೆ ಅದು ಒಗ್ಗದು.

ಕೊಳ್ಳುವ ಮೊದಲು ಕ್ಯಾಬಿನೆಟ್ ತೆರೆದು ನೋಡಿ. ಮದರ್‌ಬೋರ್ಡಿನಲ್ಲಿ ಸುಮಾರು 25 ಮಿ.ಮೀ. ಉದ್ದದ ಸ್ಲಾಟ್ ಇದ್ದರೆ ಅದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಸುಮಾರು 85 ಮಿ.ಮೀ. ಉದ್ದದ, ಸಾಮಾನ್ಯವಾಗಿ ಬಿಳಿ ಬಣ್ಣದ್ದು ಹಳೆಯ ಪಿಸಿಐ. ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ. ಎಕ್ಸ್1 ಕಾರ್ಡನ್ನು ಖಾಲಿಯಿರುವ ಉದ್ದನೆಯ ಎಕ್ಸ್16 ಸ್ಲಾಟಿನಲ್ಲೂ ಹಾಕಬಹುದು. ಕ್ಯಾಬಿನೆಟ್ ತೆಳ್ಳಗಿದ್ದರೆ ಕಾರ್ಡನ್ನು ಕ್ಯಾಬಿನೆಟ್ಟಿನ ಹಿಂಬದಿಗೆ ಬಿಗಿಯುವ, ಸುಮಾರು 8 ಸೆಂ.ಮೀ. ಎತ್ತರದ ಲೋ ಪ್ರೊಫೈಲ್ ಪಟ್ಟಿ ಜೊತೆಗಿದೆಯೇ ಎಂದು ಕೇಳಿ. ಮಾಮೂಲಿ ಪಟ್ಟಿ 12 ಸೆಂ.ಮೀ. ಕೇಬಲ್ ಒಂದು ತುದಿಯಲ್ಲಿ 25 ಪಿನ್, ಇನ್ನೊಂದು ತುದಿಯಲ್ಲಿ 36 ಪಿನ್ನಿನದು, ಐಇಇಇ 1284 (ಪ್ಯಾರಲಲ್ ಸಂಪರ್ಕದ ಮಾನದಂಡ) ಗುರುತಿನದಾಗಿರಲಿ. 1.8 ಮೀಟರ್ ಸಾಕು.

ಮೊದಲು ಪ್ರಿಂಟರನ್ನೇ ಪರೀಕ್ಷಿಸಿ. ಕಾಗದ ತೊಡಿಸಿ, ಎಲ್‌ಎಫ್/ಎಫ್‌ಎಫ್ ಗುಂಡಿ ಒತ್ತಿಹಿಡಿದು ಸ್ವಿಚ್ ಹಾಕಿದರೆ ಎಲ್‌ಎಕ್ಸ್-300 ತಾನೇ ಅಕ್ಷರಸಾಲು ಮುದ್ರಿಸುತ್ತದೆ. ಇಲ್ಲೇ ಮಸುಕಾದರೆ ರಿಬ್ಬನ್ ಬದಲಿಸಿ. ಕಾರ್ಡಿನ ಮೇಲೆ ಅನುಮಾನ ಬೇಡ.

ಇನ್ನು ಕೂರಿಸುವುದು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಹಿಂಬದಿಯ ತಗಡು ಬಿಚ್ಚಿ, ಕಾರ್ಡನ್ನು ನೇರವಾಗಿ ಒತ್ತಿ, ಸ್ಕ್ರೂ ಬಿಗಿಮಾಡಿ. ಕಂಪ್ಯೂಟರ್, ಪ್ರಿಂಟರ್ ಎರಡೂ ಆರಿರುವಾಗಲೇ ಪ್ರಿಂಟರ್ ಕೇಬಲ್ ಸಿಕ್ಕಿಸಿ. ಯುಎಸ್‌ಬಿಯಂತೆ ಚಾಲೂ ಇರುವಾಗ ಹಾಕಿ ತೆಗೆಯುವಂಥದ್ದಲ್ಲ ಇದು. ಪೋರ್ಟ್ ಸುಟ್ಟುಹೋಗುವ ಅಪಾಯವಿದೆ.

ಹೆಚ್ಚಿನವರು ಸೋಲುವುದು ಇದರ ಮುಂದಿನ ಹಂತದಲ್ಲಿ. ಡ್ರೈವರ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರಿನ ಪೋರ್ಟ್ಸ್ ವಿಭಾಗ ನೋಡಿ. ಕಾರ್ಡಿನ ಪೋರ್ಟಿಗೆ ಅನೇಕ ವೇಳೆ ಎಲ್‌ಪಿಟಿ3 ಎಂಬ ಸಂಖ್ಯೆ ಬಿದ್ದಿರುತ್ತದೆ, ಪ್ರಿಂಟರ್ ಮಾತ್ರ ಎಲ್‌ಪಿಟಿ1ಕ್ಕೆ ಕಾಯುತ್ತಿರುತ್ತದೆ. ಪೋರ್ಟಿನ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್ ತೆರೆದು ಸಂಖ್ಯೆಯನ್ನು ಎಲ್‌ಪಿಟಿ1 ಮಾಡಿ. ಬಳಿಕ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲೂ ಅದನ್ನೇ ಆರಿಸಿ, ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು. ಮುದ್ರಣ ಅರ್ಧಕ್ಕೆ ನಿಂತರೆ ಅಥವಾ ತೀರಾ ನಿಧಾನವಾದರೆ, ಅದೇ ಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಪೋರ್ಟಿಗೆ ಕೊಟ್ಟಿರುವ ಇಂಟರಪ್ಟ್ (ಪೋರ್ಟು ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಬಳಸುವ ಆಯ್ಕೆಗೆ ಬದಲಿಸಿ, ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಬೈಡೈರೆಕ್ಷನಲ್ ಸಪೋರ್ಟ್ (ಎರಡೂ ದಿಕ್ಕಿನ ಸಂವಹನ) ಗುರುತು ತೆಗೆದು ನೋಡಿ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ಬಹುಪಾಲು ತಪ್ಪು ಮಾದರಿಯ ಡ್ರೈವರ್ ಅಥವಾ ಸಡಿಲ ಕೇಬಲ್ ಕಾರಣ.

ಡಾಸ್ (ವಿಂಡೋಸ್‌ಗೆ ಹಿಂದಿನ ಕಾರ್ಯಾಚರಣ ವ್ಯವಸ್ಥೆ) ಕಾಲದ ತಂತ್ರಾಂಶಕ್ಕೆ ಇನ್ನೊಂದು ತೊಡಕಿದೆ. ಮದರ್‌ಬೋರ್ಡಿನ ಹಳೆಯ ಪೋರ್ಟಿನ ವಿಳಾಸ, ಅಂದರೆ ತಂತ್ರಾಂಶ ಪೋರ್ಟನ್ನು ಗುರುತಿಸುವ ಸಂಖ್ಯೆ, ಸಾಮಾನ್ಯವಾಗಿ 378 (ಹೆಕ್ಸ್) ಆಗಿತ್ತು. ಕಾರ್ಡಿಗೆ ಬೇರೆ ವಿಳಾಸ ಸಿಗುತ್ತದೆ, ಸಂಖ್ಯೆ ಎಲ್‌ಪಿಟಿ1 ಎಂದಾದರೂ ವಿಳಾಸ ಬದಲಾಗದು. ಹೆಸರು ಹಿಡಿದು ಕಳಿಸುವ ತಂತ್ರಾಂಶ ಇದರಿಂದ ಕೆಡುವುದಿಲ್ಲ, 378ಕ್ಕೇ ಬರೆಯುವುದು ಕೆಡುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ತಂತ್ರಾಂಶ ನೇರವಾಗಿ ಓಡುವುದೇ ಇಲ್ಲ, ವಿಂಡೋಸ್ 11 ಬರುವುದೂ 64 ಬಿಟ್‌ನಲ್ಲಿ ಮಾತ್ರ. ಅಂಥಲ್ಲಿ ಡಾಸ್‌ಬಾಕ್ಸ್-ಎಕ್ಸ್‌ನಂಥ ಎಮ್ಯುಲೇಟರ್ (ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಬೇಕು.

ಕನ್ನಡ ಬಿಲ್ ಬೇಕಿದ್ದವರು ಬರೀ ಅಕ್ಷರ ಸಂಕೇತಗಳನ್ನು ಕಳಿಸುವ ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಆರಿಸಬಾರದು. ಪ್ರಿಂಟರಿನ ಒಳಗೆ ಕನ್ನಡ ಅಕ್ಷರಗಳಿಲ್ಲ. ಎಪ್ಸನ್ ಡ್ರೈವರ್ ಮೂಲಕ ಚಿತ್ರವಾಗಿ ಹೋದರಷ್ಟೇ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ವೇಗ ಇಂಗ್ಲಿಷ್ ಬಿಲ್ಲಿಗಿಂತ ಕಡಿಮೆಯಾಗುತ್ತದೆ, ಅದು ಕಾರ್ಡಿನ ದೋಷವಲ್ಲ.